ಬಿಸಿ ಶಾಫ್ಟಿನ ಅಳತೆ

ಆಷಾಢದ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆ. ಹರಿಹರದ ಕಾರ್ಖಾನೆಯ ಲೇತ್ ವಿಭಾಗ. ಹಾಜರಿದ್ದವರು ನಾನು, ನನಗೆ ಮೊದಲು ಕೆಲಸ ಕಲಿಸಿದ ಮೇಸ್ತ್ರಿ, ದಾವಣಗೆರೆಯಿಂದ ರೈಲಿನಲ್ಲಿ ಬರುತ್ತಿದ್ದ ಒಬ್ಬ ಟರ್ನರ್. ಲೋಹ ಕಡೆಯುವ ಹೊಸ ಲೇತನ್ನು ಅವರಿಬ್ಬರಿಗೂ ಕಲಿಸುವ ಹೊಣೆ ನನ್ನದಾಗಿತ್ತು. ಅಂದು ಇಬ್ಬರೂ ಒಂದೊಂದು ಉಕ್ಕಿನ ಶಾಫ್ಟನ್ನು ಗೊತ್ತಾದ ದಪ್ಪಕ್ಕೆ ಕಡೆದು ಕೊಡಬೇಕು. ಮಧ್ಯಾಹ್ನ ಮೂರು ಗಂಟೆಯೊಳಗೆ ಯಾರ ಕೆಲಸವನ್ನು ನಾನು ಅಳೆದು ಒಪ್ಪುತ್ತೇನೋ ಅವರಲ್ಲಿ ಹಿರಿಯರಿಗೆ ಚಾರ್ಜ್‌ಮನ್ ಹುದ್ದೆಗೆ ಬಡ್ತಿ. ಮೇಸ್ತ್ರಿಗೆ ನಿವೃತ್ತಿ ಹತ್ತಿರ; ಅದೇ ಕೊನೆಯ ಅವಕಾಶ.

ನಾನು ಹೊಸಬನಾಗಿದ್ದಾಗ ಇದೇ ಮೇಸ್ತ್ರಿ, "ಕಡೆದ ಕೂಡ್ಲೆ ಅಳತಿ ನೋಡು, ತಡಾ ಮಾಡಬ್ಯಾಡ" ಎಂದು ಕಲಿಸಿದ್ದರು. ಲೋಹ ಬಿಸಿಯಲ್ಲಿ ಹಿಗ್ಗಿರುತ್ತದೆ, ಆರಿದ ಮೇಲೆ ಕುಗ್ಗುತ್ತದೆ ಎಂಬುದನ್ನು ಬಚ್ಚಿಟ್ಟರು. ಪರೀಕ್ಷೆಯಲ್ಲಿ ನನ್ನ ಕೆಲಸ ತೆಳ್ಳಗಾಗಿ ತಿರಸ್ಕೃತವಾಯಿತು. ಆ ವರ್ಷ ನನ್ನ ಬದಲು ಕಾಯಂ ಆದವನು ಅವರ ಅಳಿಯ. "ನಿನ್ನ ಕೈಯಾಗ ಅಳತಿ ಇಲ್ಲ ಬಿಡಪ್ಪ" ಎಂದು ಎಲ್ಲರೆದುರು ನಕ್ಕರು. ಆ ನಗೆಗೆ ತುಕ್ಕು ಹಿಡಿಯಲು ನಾನು ಬಿಟ್ಟಿರಲಿಲ್ಲ.

ಆದರೂ ಅವರಿಗೆ ಕಲಿಸುವಾಗ ಏನನ್ನೂ ಮುಚ್ಚಿಡಲಿಲ್ಲ. ಆರದ ಕೆಲಸವನ್ನು ಅಳೆಯುವುದಿಲ್ಲ ಎಂದು ಮೊದಲ ದಿನವೇ ಹೇಳಿದ್ದೆ.

ದಾವಣಗೆರೆಯವರು ಊಟಕ್ಕೆ ಮೊದಲೇ ಮುಗಿಸಿದರು. ಊಟದ ನಂತರ ಅಳೆದು ಒಪ್ಪಿದೆ. ಮೇಸ್ತ್ರಿಯದು ನಿಧಾನದ, ಚೊಕ್ಕ ಕೈ. ಅವರು ಶಾಫ್ಟ್ ಇಳಿಸಿದಾಗ ಎರಡೂವರೆ.

"ಅಳತಿ ನೋಡ್ರಿ."

"ಬಿಸಿ ಐತೆ ಮೇಸ್ತ್ರಿ. ಆರಲಿ."

"ನೀರು ಹುಯ್ತೀನಿ."

"ಬ್ಯಾಡ್ರಿ. ತಾನೇ ಆರಬೇಕು."

ನೀರು ಹುಯ್ದಿದ್ದರೆ ಏನೂ ಕೆಡುತ್ತಿರಲಿಲ್ಲ. ಅದು ಅವರಿಗೂ ಗೊತ್ತು, ನನಗೂ ಗೊತ್ತು.

"ಬೀಸಣಿಗೆ ತರ್ಲೇನ್ರಿ ಮೇಸ್ತ್ರಿ? ಮದುಮಗನಿಗೆ ಬೀಸಿದಂಗೆ ಬೀಸಾನ" ಎಂದರು ದಾವಣಗೆರೆಯವರು.

ಮೇಸ್ತ್ರಿ ನಗಲಿಲ್ಲ. ನನ್ನ ಬಳಿ ಬಂದು ದನಿ ತಗ್ಗಿಸಿದರು. "ತಮ್ಮಾ, ಹಳೇದು ಮನಸ್ನಾಗ ಇಟ್ಕಂಡೀಯೇನು?"

"ಕೆಲಸದ ಹೊತ್ನಾಗ ಹಳೇ ಮಾತು ಯಾಕ್ರಿ? ಕೂಡ್ರಿ."

ಮೂರಕ್ಕೆ, ಒಪ್ಪಿದವರ ಹೆಸರು ಕೇಳಲು ಫೋರ್‌ಮನ್ ಬಂದರು. ನಾನು ದಾವಣಗೆರೆಯವರ ಹೆಸರನ್ನಷ್ಟೇ ಹೇಳಿದೆ.

"ಮೇಸ್ತ್ರಿದು?"

"ಇನ್ನೂ ಅಳೆದಿಲ್ಲ ಸಾರ್. ಬಿಸಿ ಐತೆ."

ಫೋರ್‌ಮನ್ ಗಡಿಯಾರ ನೋಡಿ, ದಾವಣಗೆರೆಯವರ ಕೈ ಕುಲುಕಿ ಹೊರಟರು.

ಅರ್ಧ ಗಂಟೆಯ ನಂತರ ಶಾಫ್ಟ್ ತಣ್ಣಗಾಯಿತು. ಅಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಆಯ್ಕೆಯಾದ ಶಾಫ್ಟಿಗಿಂತ ಇದೇ ಮೇಲು.

"ಕೆಲಸ ಬರೋಬ್ಬರಿ ಐತ್ರಿ ಮೇಸ್ತ್ರಿ!" ಎಂದು ಇಡೀ ವಿಭಾಗಕ್ಕೆ ಕೇಳುವಂತೆ ಹೇಳಿದೆ. ಶಾಫ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಅವರು ಎದೆಗೆ ಆನಿಸಿಕೊಂಡು ನಿಂತರು. ನಾನು ಅಳೆದ ಮೈಕ್ರೋಮೀಟರನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿದೆ.