ನಡುಗೋಡೆಯ ಕಿಟಕಿ

ಕೊಳ್ಳೇಗಾಲದ ನಮ್ಮ ಮನೆಗೆ ಮೊನ್ನೆಯಿಂದ ಅಲ್ಯೂಮಿನಿಯಂ ಕಿಟಕಿ ಕೂರಿಸುತ್ತಿದ್ದಾರೆ. ಕಿತ್ತ ಹಳೆಯ ಚೌಕಟ್ಟುಗಳು ಅಂಗಳದಲ್ಲಿ ಬಿದ್ದಿವೆ. ಗೆದ್ದಲು ತಿಂದ ಮರದ ಮಣ್ಣುವಾಸನೆ ಮನೆಯೆಲ್ಲ ತುಂಬಿದೆ. ಕೆಲಸಕ್ಕೆ ಬಂದ ಹನೂರಿನವನು ಅಡುಗೆಮನೆಯ ಕಿಟಕಿ ಮುಂದೆ ನಿಂತು, “ಇದ್ರಲ್ಲಿ ಪಕ್ಕದ್ಮನೆ ಗೋಡೆ ಬುಟ್ರೆ ಇನ್ನೇನೂ ಕಾಣಲ್ಲ ಸಾ. ಇಟ್ಟಿಗೆ ಇಟ್ಟು ಮುಚ್ಬುಡನಾ?” ಎಂದ. ಹೂಂ ಎನ್ನಲು ಬಾಯಿ ತೆರೆದವನು ಹಾಗೇ ನಿಂತೆ. ಯಾಕೆಂದು ಅವನಿಗೆ ಹೇಳಲಾಗಲಿಲ್ಲ, ನಿಮಗೆ ಹೇಳುತ್ತೇನೆ.

ಮುಳ್ಳೂರಿನ ನಮ್ಮ ಮನೆ ಭಾಗವಾದಾಗ ಬಲಗಡೆ ಅಪ್ಪನಿಗೆ, ಎಡಗಡೆ ದೊಡ್ಡಪ್ಪನಿಗೆ ಬಂತು. ಎರಡು ಅಡುಗೆಮನೆಗಳ ನಡುಗೋಡೆಯಲ್ಲಿ ಒಂದು ಕಿಟಕಿಯಿತ್ತು. ಕಂಬಿ ನಮ್ಮ ಪಾಲು, ಕದ ಅವರ ಪಾಲು. ಕಿಟಕಿಯನ್ನೂ ಹೀಗೆ ಹಂಚಿಕೊಳ್ಳುವ ಬುದ್ಧಿ ನಮ್ಮವರಿಗೇ ಬರಬೇಕು. ಆಮೇಲೆ ಹಿತ್ತಲ ಹುಣಸೆಮರಕ್ಕೆ ಜಗಳವಾಗಿ ಅಣ್ಣತಮ್ಮಂದಿರು ಮಾತು ಬಿಟ್ಟರು. ಗಂಡಸರು ಬಿಟ್ಟರೆ ಹೆಂಗಸರೂ ಬಿಡಬೇಕು, ಆಚೆಯ ಹೊಸ್ತಿಲು ತುಳಿಯಬಾರದು. ಆ ಮಳೆಗಾಲದಲ್ಲಿ ಕದ ಉಬ್ಬಿ ಬಿಗಿದುಕೊಂಡಿತು. ಮೊದಲು ರಿಪೇರಿಗೆ ಕೈ ಹಚ್ಚಿದವನು ಸೋತಂತೆ ಎಂದುಕೊಂಡು ಇಬ್ಬರೂ ಸುಮ್ಮನಿದ್ದರು. ಅದಿನ್ನು ತೆರೆಯುವುದೇ ಇಲ್ಲವೆಂದು ಎರಡೂ ಮನೆಯ ಗಂಡಸರು ನಂಬಿದರು. ಮೀಸೆ ಬಾರದ ನಾನೂ ನಂಬಿದೆ.

ಅಡುಗೆಮನೆಯಿಂದ ಅವ್ವನ ಪಿಸುಮಾತು ಮಾತ್ರ ಕೇಳಿಸುತ್ತಿತ್ತು. “ನಿಮ್ಮವ್ವ ಒಲೆ ಜತೆ ಮಾತಾಡ್ತಾಳೆ ಕಣ್ಲಾ” ಎಂದು ಅಪ್ಪ ನಗುತ್ತಿದ್ದ. ಕೆಲವು ದಿನ ಮುದ್ದೆಗೆ ಉಪ್ಪೆಸರು ಬಟ್ಟಲಿನ ಬದಲು ಲೋಟದಲ್ಲಿ ಯಾಕಿರುತ್ತದೆ ಎಂದು ಕೇಳಬೇಕೆಂದೂ ನನಗೆ ಅನ್ನಿಸಲಿಲ್ಲ. ಮುದ್ದೆ ಮುಂದಿದ್ದರೆ ನನಗೆ ಬೇರೇನೂ ಕಾಣುತ್ತಿರಲಿಲ್ಲ. ನಿಜ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಚೆ ಮನೆಯ ದೊಡ್ಡವ್ವ ಸೌದೆ ಮಚ್ಚಿನಿಂದ ಕದದ ಅಂಚು ಹೆರೆದು, ಸದ್ದಾಗದಂತೆ ಕೀಲುಗಳಿಗೆ ಹರಳೆಣ್ಣೆ ಬಿಟ್ಟು, ದಿನಾ ಅವ್ವನ ಜತೆ ಮಾತಾಡುತ್ತಿದ್ದಳಂತೆ. ಕಂಬಿಯ ಸಂದಿಯಲ್ಲಿ ಬಟ್ಟಲು ತೂರುತ್ತಿರಲಿಲ್ಲ, ಲೋಟ ತೂರುತ್ತಿತ್ತು.

ಅಕ್ಕನ ಮದುವೆಗೆ ಮುಂಚೆ ಅಪ್ಪ ಮನೆ ರಿಪೇರಿ ಮಾಡಿಸಿದ. ಡಬ್ಬಿ ಇಡಲು ಜಾಗವಿಲ್ಲವೆಂದು ಅವ್ವ ಬಹಳ ದಿನದಿಂದ ಗೊಣಗುತ್ತಿದ್ದಳು. “ಆ ಕೆಟ್ ಕಿಟಕಿ ಮುಚ್ಚ್ಸಿ ಗೂಡು ಮಾಡುಸ್ಕೊಡ್ತೀನಿ ತಕೊ” ಎಂದ ಅಪ್ಪ, ಪ್ರೀತಿಯಿಂದಲೇ. ಡಬ್ಬಿ ಹೊರಗೇ ಇರಲಿ, ಗಾಳಿ ಬೇಕು ಎಂದಳು ಅವ್ವ. ಬಿಗಿದುಹೋದ ಕಿಟಕಿಯಲ್ಲಿ ಎಂಥ ಗಾಳಿ ಎಂದು ನಾವೆಲ್ಲ ನಕ್ಕೆವು. ಸಂಜೆಯೊಳಗೆ ಗಾರೆ ಕೆಲಸವೂ ಮುಗಿಯಿತು. ಇಟ್ಟಿಗೆ ಬಂದದ್ದು ನಮ್ಮ ಕಡೆಯಿಂದ. ಮಾರನೆಯ ದಿನ ದೊಡ್ಡವ್ವ ಕದ ತೆಗೆದು ಅದನ್ನು ನೋಡಿರಬೇಕು. ಆಮೇಲೆ ಬೀದಿಯಲ್ಲಿ ಎದುರಾದರೂ ಅವ್ವನತ್ತ ತಿರುಗಲಿಲ್ಲ.

ದೊಡ್ಡವ್ವ ತೀರಿಕೊಂಡಾಗ ಅಣ್ಣತಮ್ಮಂದಿರು ತಬ್ಬಿಕೊಂಡು ಅತ್ತರು. ಮಣ್ಣು ಮಾಡಿ ಬಂದ ಮೇಲೆ ಅವ್ವ ನಮ್ಮೆದುರು ಎಲ್ಲ ಹೇಳಿದಳು.

“ಒಂದ್ ಮಾತು ಯೋಳಿದ್ರೆ ಬುಟ್ಬುಡ್ತಿದ್ನಲ್ಲ!” ಎಂದ ಅಪ್ಪ.

“ಯೋಳಂಗಿದ್ದಿದ್ರೆ ಕಿಟಕಿ ಯಾಕ್ ಬೇಕಿತ್ತು? ಬಾಗ್ಲಲ್ಲೇ ಓಯ್ತಿರ್ನಿಲ್ವಾ? ಅವ್ಳು ನಾನೇ ಮುಚ್ಚುಸ್ದೆ ಅಂದ್ಕಂಡೇ ಓದ್ಳು.”

ಈಗ ಅಪ್ಪನೂ ಇಲ್ಲ. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ್ದೇನೆ, ಆಗುವುದಿಲ್ಲ. ಆ ಗೂಡನ್ನು ಅವನು ಅವ್ವನಿಗೆಂದೇ ಮಾಡಿಸಿದ್ದ.

ಅವ್ವ ಈಗ ನಮ್ಮ ಜತೆಯಲ್ಲೇ ಇದ್ದಾಳೆ. ಕೆಲಸದವನನ್ನು ನಿಲ್ಲಿಸಿ, ಸೊಪ್ಪು ಬಿಡಿಸುತ್ತಿದ್ದವಳ ಹತ್ತಿರ ಹೋಗಿ ಕೂತೆ. “ಅಡುಗೆಮನೆ ಕಿಟಕಿ ಮುಚ್ಚುಸ್ಲಾ, ಇರ್ಲಾ ಅವ್ವ?” ಎಂದು ಕೇಳಿದೆ.

“ಆಗ ಯಾರೂ ಕೇಳ್ನಿಲ್ಲ. ಈಗ ನೀ ಕೇಳ್ತಿದ್ದೀಯೆ, ಆಚೆಗೆ ಯಾರೂ ಇಲ್ಲ. ಮುಚ್ಚುಸ್ಕೊ ಕಣಪ್ಪ.”

ಮುಚ್ಚಿಸಬೇಡ ಎಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.