ಮೂಟೆಯ ಬಾಯಿ ಹೊಲಿಗೆ

ಚುಂಚನಕಟ್ಟೆಯ ಪುಷ್ಪಾಳ ಮುತ್ತಾತ ಸಿದ್ದಮಲ್ಲಪ್ಪ ನಾಲೆ ಏರಿಯ ಮೇಲೇ ಮಲಗಿ, ಕೊನೆ ಗದ್ದೆಗೂ ನೀರು ಹತ್ತಿಸಿ ಮನೆಗೆ ಬರುತ್ತಿದ್ದ ಆಳು. ತಾತ ಗಾಡಿಗೆ ಬೆಲ್ಲ ಹೇರಿಕೊಂಡು ಕೊಡಗು ಹತ್ತಿ, ಮೆಣಸು ಹೇರಿಕೊಂಡು ಇಳಿಯುತ್ತಿದ್ದ. ತಂದೆ ಸೋಮಶೇಖರ್ ಸೊಸೈಟಿ ಎಲೆಕ್ಷನ್ನಿಗೆ ಮೂರು ಸಲ ನಿಂತು ಮೂರು ಸಲವೂ ಸೋತರು; ಗೆದ್ದವನ ಮನೆಯ ಊಟ ಮಾತ್ರ ಒಂದು ಸಲವೂ ತಪ್ಪಿಸಲಿಲ್ಲ.

ಪುಷ್ಪಾ ವಕೀಲಳಾದಳು. ಕೆ.ಆರ್. ನಗರದಲ್ಲಿ ಆಫೀಸು ಇಟ್ಟು, ಭಾಗದ ಕೇಸು, ಜಮೀನಿನ ಕೇಸು ಎಲ್ಲ ಬಿಟ್ಟು, ದಿವಾಳಿ ಎದ್ದ ಕಂಪನಿಗಳ ಕೆಲಸ ಹಿಡಿದಳು. ಅಂಥ ಕಂಪನಿಯನ್ನು ಬೆಂಗಳೂರಿನ ಟ್ರಿಬ್ಯೂನಲ್ಲು ಒಬ್ಬ ಅಧಿಕಾರಿಯ ವಶಕ್ಕೆ ಕೊಡುತ್ತದೆ. ಆಸ್ತಿ ಯಾವುದು, ಯಾರಿಗೆ ಎಷ್ಟು ಎಂದು ಅವರು ಪಟ್ಟಿ ಮಾಡುತ್ತಾರೆ.

ಹೋದ ವರ್ಷ ಊರ ಪಕ್ಕದ ಅಕ್ಕಿ ಮಿಲ್ಲಿನ ಕಂಪನಿಯೇ ಮಗುಚಿತು. ನಲವತ್ತು ಮನೆಯವರು ಉಣ್ಣುವ ಭತ್ತವನ್ನು ಅದೇ ಮಿಲ್ಲಿನಲ್ಲಿಟ್ಟು, ಬೇಕಾದಾಗ ಎರಡೆರಡು ಮೂಟೆ ಅಕ್ಕಿ ಮಾಡಿಸಿಕೊಳ್ಳುವುದು ರೂಢಿ. ಚೀಟಿ ಬರೆಸಿಕೊಂಡವರು ಒಬ್ಬರೂ ಇಲ್ಲ. ಗೋಡೌನಿನಲ್ಲಿರುವುದೆಲ್ಲ ಕಂಪನಿಯದೇ ಎಂದು ಕಂಪನಿಗೆ ಸಾಲ ಕೊಟ್ಟಿದ್ದ ಬ್ಯಾಂಕಿನ ವಕೀಲರು ಪಟ್ಟು ಹಿಡಿದರು. ಊರವರ ವರ್ಷದ ಅನ್ನ ಕೈತಪ್ಪುವುದರಲ್ಲಿತ್ತು. ಅವರು ಪುಷ್ಪಾಳಿಗೆ ವಕಾಲತ್ತು ಕೊಟ್ಟರು.

ಅವಳು ಎರಡು ದಿನ ಮೂಟೆಗಳ ನಡುವೆ ಓಡಾಡಿದಳು. ಮಿಲ್ಲಿನ ಮೂಟೆಗೆ ಮಿಷನ್ ಹೊಲಿಗೆ. ಊರವರದು ಕೈಹೊಲಿಗೆ, ಅದೂ ಒಂದೊಂದು ಮನೆಗೆ ಒಂದೊಂದು ವರಸೆ: ಜಡೆ ಹೆಣೆದ ಹಾಗೆ ಒಬ್ಬರದು, ಚೀಲದ ಎಡಗಿವಿಗೆ ಗಂಟು ಹಾಕಿ ಶುರು ಮಾಡುವುದು ಇನ್ನೊಬ್ಬರದು. ಅಧಿಕಾರಿ ನಂಜುಂಡೇಶ್ ಅವರನ್ನು ಕರೆಸಿ, ಅವರೆದುರಿಗೇ ಊರವರಲ್ಲಿ ಮನೆಗೊಬ್ಬರ ಕೈಗೆ ದಬ್ಬಳ, ಹುರಿ, ಖಾಲಿ ಚೀಲ ಕೊಟ್ಟಳು.

"ಏನ್ ಮೇಡಂ, ಟೈಲರಿಂಗ್ ಪರೀಕ್ಷೆನಾ?" ಎಂದರು ಅವರು.

"ನೀವೂ ಒಂದ್ ವಲೀರಿ ಸಾ, ಯಾವ್ ಮನೆಯೋರು ಅಂತ ಯೋಳ್ತೀವಿ" ಎಂದ ಮುದುಕ ಅಂಕಯ್ಯ.

ಹೊಲಿಗೆಗೆ ಹೊಲಿಗೆ ತಾಳೆಯಾಯಿತು. ಬಿಡಿಸಬೇಕಾದ ಮೂಟೆಗಳ ಪಟ್ಟಿಯನ್ನು ಅಧಿಕಾರಿಗೆ ಬರೆದುಕೊಡುವಾಗ ಪುಷ್ಪಾ ಮೂವತ್ತೊಂಬತ್ತು ಮನೆ ಬರೆದು ಪೆನ್ನು ಮುಚ್ಚಿದಳು. ನಲವತ್ತನೆಯದು ಅವಳ ತಾಯಿ ಮಂಗಳಮ್ಮನದು, ಹನ್ನೊಂದು ಮೂಟೆ. ಅದನ್ನೂ ಸೇರಿಸಿದರೆ, ವಕೀಲಳು ತನ್ನ ಭತ್ತಕ್ಕಾಗಿ ಹೊಲಿಗೆಯ ಕತೆ ಕಟ್ಟಿದಳು ಎಂದು ಬ್ಯಾಂಕಿನವರು ಎಲ್ಲರದನ್ನೂ ತಳ್ಳಿಹಾಕಿಸುತ್ತಾರೆಂದು ಅವಳ ಲೆಕ್ಕ. ಟ್ರಿಬ್ಯೂನಲ್ಲು ಪಟ್ಟಿಯನ್ನು ಒಪ್ಪಿತು. ಹನ್ನೊಂದು ಮೂಟೆ ಕಂಪನಿಯ ಆಸ್ತಿಗೆ ಸೇರಿಹೋಯಿತು.

"ಊರೋರ್ಗೆಲ್ಲ ಬುಡುಸ್ಕೊಟ್ಟೆ, ನಮ್ದ ಬ್ಯಾಂಕ್ನೋರ್ಗೆ ಬಡುಸ್ಬುಟ್ಟೆ" ಎಂದು ಮಂಗಳಮ್ಮ ಎರಡು ದಿನ ಮಾತು ಬಿಟ್ಟಳು.

ಮೂರನೆಯ ದಿನ ಬೆಳಿಗ್ಗೆ, ಭತ್ತ ಬಿಡಿಸಿಕೊಂಡವರಲ್ಲೊಬ್ಬ ಮಹದೇವಪ್ಪ ಅವರ ಮನೆ ಬಾಗಿಲಿಗೆ ಟ್ರ್ಯಾಕ್ಟರು ತಂದು ನಿಲ್ಲಿಸಿದ. ಅದರಲ್ಲಿ ಹನ್ನೊಂದು ಮೂಟೆ ಭತ್ತ.

"ಎಲ್ಲಾ ಮನೆಯೋರೂ ಸೇರಿ ಆಕವ್ರೆ ಕಣವ್ವ. ಎಲ್ಲಿಗ್ ಇಳುಸ್ಲಿ?"

"ಎಲ್ಲಿಗೂ ಬ್ಯಾಡ ಕಣಣ್ಣ" ಎಂದಳು ಪುಷ್ಪಾ. "ಬ್ಯಾಂಕ್ನೋರು ಅಪೀಲು ಆಕಕ್ಕೆ ಇನ್ನೂ ಅದಿನೆಂಟ್ ದಿನ ಐತೆ. ಇದ್ರಲ್ಲಿ ಒಂದ್ ಮೂಟೆ ನಮ್ ಜಗಲಿ ಮೇಲೆ ಕಂಡ್ರೆ ನಾನೂ ಪಾಲು ಈಸ್ಕಂಡೆ ಅಂತಾರೆ, ನಿಮ್ದೆಲ್ಲಾ ವಾಪಸ್ ಒಯ್ತದೆ."

"ಅಂಗಾರೆ ಅದಿನೆಂಟ್ ದಿನ ಕಳುದ್ಮೇಲೆ ತತ್ತೀನಿ."

"ಆಗ್ಲೂ ಬ್ಯಾಡ. ಫೀಸು ಕೊಟ್ಟಿದೀರಿ, ಅಷ್ಟೇಯ. ನಾವು ಅಂಗ್ಡಿ ಅಕ್ಕಿ ಉಣ್ತೀವಿ. ಟ್ರ್ಯಾಕ್ಟ್ರು ತಿರುಗ್ಸು."