ಎಲ್ಲಾ ವೈರೂ ಹಾರನ್ನೇ

ಗೆಳತಿಯರೇ, ಇವತ್ತು ನಮ್ಮತ್ತೆ ಕಾರಿನ ವೈರುಗಳಿಗೆ ಅರಿಶಿನ ಹಚ್ಚಿಬಿಟ್ಟರು.

ಮಾವನವರ ಕಾಲದ ಆ ಹಳೇ ಕಾರಿಗೆ ನಮ್ಮ ಯಜಮಾನರು ಹೊಸ ವೈರಿಂಗ್ ಹಾಕುತ್ತಿದ್ದಾರೆ. ನಾಳೆ ನಾದಿನಿಯನ್ನೂ ಹಸುಗೂಸನ್ನೂ ಆಸ್ಪತ್ರೆಯಿಂದ ಜಯನಗರದ ಮನೆಗೆ ಅದರಲ್ಲೇ ಕರೆತರಬೇಕು. ವೈರೆಲ್ಲ ಒಂದೇ ಕಪ್ಪು. ಗುರುತಿಗೆಂದು ಇವರು ನನ್ನ ಕಸೂತಿ ದಾರ ಕಟ್ಟಿಟ್ಟಿದ್ದರು; ಹಾರನ್ನಿಗೆ ಕೆಂಪು, ದೀಪಕ್ಕೆ ಹಸಿರು, ಹೀಗೆ. ಬೆಳಿಗ್ಗೆ ಇವರು ಸ್ನಾನಕ್ಕೆ ಹೋದದ್ದೇ ತಡ, ಅತ್ತೆ ಅಷ್ಟೂ ದಾರಕ್ಕೆ ಅರಿಶಿನ ಕಲಸಿ ಬಳಿದರು.

"ಬಾಣಂತಿ ಕೂರೋ ಗಾಡಿ. ಕಟ್ಟಿದ ದಾರಕ್ಕೆ ಅರಿಶಿನ ಬೇಡ್ವೇನೇ?"

ಇವರು ನೋಡುವ ಮೊದಲೇ ತೊಳೆದುಬಿಡೋಣವೆಂದು ನಾನು ಸೋಪು ಹಚ್ಚಿದೆ. ಹಳದಿಯೆಲ್ಲ ಕೆಂಪಾಯಿತು.

"ಅಮ್ಮಾ! ಈಗ ಎಲ್ಲಾ ವೈರೂ ಹಾರನ್ನೇ!" ಎಂದು ಇವರು ಕೂಗಿದ್ದು ಬೀದಿಗೆಲ್ಲ ಕೇಳಿತು.

ಕೇಳಿದ್ದೇ ಒಳ್ಳೆಯದಾಯಿತು. ಎದುರುಮನೆ ರಾಯರು ಬಂದು ಕಾರಿನ ಮುಂದೆ ನಿಂತರು. ಪಕ್ಕದ ಮನೆ ಸರೋಜಮ್ಮ ಕೈಯಲ್ಲಿದ್ದ ಸೌಟಿನ ಸಮೇತ ಹಿಂದೆ ನಿಂತರು. ಇವರು ಒಂದೊಂದೇ ವೈರನ್ನು ಬ್ಯಾಟರಿಗೆ ಮುಟ್ಟಿಸಿದರು.

"ಇಲ್ಲಿ ದೀಪ ಹತ್ಕೊಳ್ತು ಕಣಯ್ಯಾ!"

"ಹಿಂದಿಂದು ಹತ್ತಿತು ಕಣಪ್ಪಾ!"

ಒಲೆಯ ಮೇಲಿನ ಸಾರು ಬಿಟ್ಟು ಬಂದ ಸರೋಜಮ್ಮನಿಗೂ, ಬಿಸಿಲಲ್ಲಿ ಕದಲದೆ ನಿಂತ ರಾಯರಿಗೂ ಎಷ್ಟು ಕೈಮುಗಿದರೂ ಸಾಲದು. ಸಂಜೆಗೆ ಹಾರನ್ನೂ ಕೂಗಿತು.

"ನೋಡ್ದೇನೋ, ಅರಿಶಿನದ ಮಹಿಮೆ!" ಎಂದರು ಅತ್ತೆ.

ಇವರು ಸಿಡಿದೇಬಿಡುತ್ತಾರೆ ಎಂದುಕೊಂಡೆ. ಕಾರಿನೊಳಗಿಂದ ದನಿ ಬಂತು:

"ಅಮ್ಮಾ, ವೈಪರ್ ಇನ್ನೂ ಓಡ್ತಿಲ್ಲ. ಅರಿಶಿನ ಇನ್ನೊಂಚೂರು ಉಳ್ದಿದೆಯಾ?"